ರೋಗಿಯ ಗುಟ್ಟು, ಸರಪಳಿಯ ಕಾವಲು

ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಹೊರಡುವ ಮುಂಜಾವಿನ ಎಸ್.ಟಿ. ಬಸ್ಸಿನಲ್ಲಿ ದವಾಖಾನೆಗೆ ಹೋಗುವವರನ್ನು ಗುರುತಿಸುವುದು ಕಷ್ಟವಲ್ಲ. ಅವರ ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲವಿರುತ್ತದೆ. ಎಕ್ಸ್‌ರೇ ಹಾಳೆ, ರಕ್ತಪರೀಕ್ಷೆಯ ವರದಿ, ಹಳೆಯ ಔಷಧಿ ಚೀಟಿ, ಯಾವುದೋ ಯೋಜನೆಯ ಕಾರ್ಡಿನ ಝೆರಾಕ್ಸ್ ಪ್ರತಿ, ಹೀಗೆ ಒಂದು ಮನೆತನದ ಹತ್ತಾರು ವರ್ಷಗಳ ಆರೋಗ್ಯದ ಚರಿತ್ರೆಯೆಲ್ಲ ಅದರೊಳಗೆ ಮಡಿಚಿ ಕುಳಿತಿರುತ್ತದೆ. ಸೊಲ್ಲಾಪುರದಲ್ಲಿ ಗುಣ ಕಾಣದಿದ್ದರೆ ಅದೇ ಚೀಲ ವಿಜಯಪುರಕ್ಕೋ ಕಲಬುರ್ಗಿಗೋ ಮಿರಜಿಗೋ ಪ್ರಯಾಣ ಮಾಡುತ್ತದೆ. ರಾಜ್ಯದ ಗಡಿ ದಾಟಿದೊಡನೆ ಯೋಜನೆ ಬದಲಾಗುತ್ತದೆ, ಕಾರ್ಡು ಬದಲಾಗುತ್ತದೆ, ಫಾರಂನ ಭಾಷೆ ಬದಲಾಗುತ್ತದೆ. ಚೀಲ ಮಾತ್ರ ಅದೇ.

ಈ ಚೀಲಕ್ಕೆ ದೋಷಗಳು ಹಲವು. ಮಳೆಗೆ ನೆನೆಯುತ್ತದೆ, ಬಸ್ಸಿನಲ್ಲಿ ಮರೆತುಹೋಗುತ್ತದೆ, ಬೇಕಾದ ವರದಿ ಬೇಕಾದ ಹೊತ್ತಿಗೆ ಅದರಲ್ಲಿ ಸಿಗುವುದಿಲ್ಲ. ಆದರೆ ಅದಕ್ಕೆ ಒಂದು ಗುಣವುಂಟು. ಅದು ರೋಗಿಯ ಕೈಯಲ್ಲಿರುತ್ತದೆ. ಯಾರಿಗೆ ತೆರೆದು ತೋರಿಸಬೇಕು, ಯಾರ ಮುಂದೆ ಮುಚ್ಚಿಡಬೇಕು ಎಂಬ ನಿರ್ಧಾರ ಅವನದು ಅಥವಾ ಅವಳದು. ಚೀಲದ ಬದಲಿಗೆ ಗಣಕಯಂತ್ರ ಬರುತ್ತಿರುವ ಈ ಕಾಲದಲ್ಲಿ ಕೇಳಬೇಕಾದ ಪ್ರಶ್ನೆ, ಆ ಗುಣವೂ ಹೊಸ ವ್ಯವಸ್ಥೆಗೆ ಜೊತೆಯಾಗಿ ಬರುವುದೇ ಎಂಬುದು. ಬ್ಲಾಕ್‌ಚೈನ್ ಎಂಬ ತಂತ್ರಜ್ಞಾನದ ಹೆಸರು ಈ ಪ್ರಶ್ನೆಗೆ ಉತ್ತರವಾಗಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಅದರ ನಿಜವಾದ ಯೋಗ್ಯತೆ ಎಷ್ಟು ಎಂಬುದನ್ನು ಪರಿಶೀಲಿಸುವುದು ಉಚಿತ.

ರೋಗದ ಗುಟ್ಟು ನಗರದವರ ನಾಜೂಕಿನ ವಿಷಯವೆಂದು ಯಾರೂ ತಿಳಿಯಬಾರದು. ಹಳ್ಳಿಯಲ್ಲಿ ಅದರ ಬೆಲೆ ಇನ್ನೂ ಹೆಚ್ಚು. ಕ್ಷಯವೆಂದು ತಿಳಿದರೆ ಕೂಡಿಬಂದ ಸಂಬಂಧ ಮುರಿಯುತ್ತದೆ. ಮನೋರೋಗಕ್ಕೆ ಮಾತ್ರೆ ನುಂಗುವ ತರುಣನಿಗೆ ಅಡ್ಡಹೆಸರು ಅಂಟುತ್ತದೆ. ಗರ್ಭಪಾತವಾದ ಸೊಸೆಯ ಸುದ್ದಿ ಬಾವಿಕಟ್ಟೆಯವರೆಗೆ ತಲುಪಿದರೆ ಆಕೆಯ ಬಾಳು ಮೊದಲಿನಂತೆ ಇರುವುದಿಲ್ಲ. ಗುಟ್ಟು ಹೊರಬೀಳುವ ಭಯದಿಂದಲೇ ಚಿಕಿತ್ಸೆಗೆ ಹೋಗದೆ ಉಳಿದವರೂ ಇದ್ದಾರೆ. ಆದುದರಿಂದ ಗೋಪ್ಯತೆಯು ಚಿಕಿತ್ಸೆಯ ಒಂದು ಅಂಗವೇ ಆಗಿದೆ. ಪ್ರಾಚೀನರಿಗೆ ಇದು ಗೊತ್ತಿತ್ತು. ರೋಗಿಯ ಮನೆಯೊಳಗಿನ ಸಂಗತಿಗಳನ್ನು ಹೊರಗೆ ಹೇಳಕೂಡದೆಂದು ಚರಕಸಂಹಿತೆಯು ವೈದ್ಯವಿದ್ಯಾರ್ಥಿಗೆ ವಿಧಿಸುತ್ತದೆ. ಇಂದಿನ ಕಾನೂನೂ ಅದನ್ನೇ ಹೇಳುತ್ತದೆ. 2002ರ ವೈದ್ಯಕೀಯ ಮಂಡಳಿಯ ನಿಯಮಗಳು ವೈದ್ಯರಿಗೆ ಮೌನದ ಕರ್ತವ್ಯವನ್ನು ಹೊರಿಸಿವೆ. 2017ರ ಎಚ್‌ಐವಿ ಕಾಯಿದೆಯು ಆ ಸೋಂಕಿತರ ಗುಟ್ಟಿಗೆ ಪ್ರತ್ಯೇಕ ರಕ್ಷಣೆ ಕೊಟ್ಟಿದೆ. ಅದೇ 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಇಳಿವಯಸ್ಸಿನಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ ಒಬ್ಬ ಕನ್ನಡಿಗರಿಂದ ದೇಶಕ್ಕೆಲ್ಲ ಈ ಹಕ್ಕು ಸ್ಪಷ್ಟವಾಯಿತೆಂಬುದನ್ನು ಗಡಿನಾಡಿನ ಮಕ್ಕಳಿಗೆ ಹೇಳಿಕೊಡಬಹುದು.

ಇನ್ನು ಗಣಕಯಂತ್ರದ ಕಡೆಗೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶವ್ಯಾಪಿಯಾಗಿ ಆರಂಭವಾದದ್ದು 2021ರ ಸೆಪ್ಟೆಂಬರ್ 27ರಂದು. ಅದರಡಿ ಬಯಸಿದವರಿಗೆ ‘ಆಭಾ’ ಎಂಬ 14 ಅಂಕೆಗಳ ಆರೋಗ್ಯ ಸಂಖ್ಯೆ ದೊರೆಯುತ್ತದೆ. ಮಹಾರಾಷ್ಟ್ರಕ್ಕೊಂದು, ಕರ್ನಾಟಕಕ್ಕೊಂದು ಎಂದಿಲ್ಲ. ಸೊಲ್ಲಾಪುರದಲ್ಲಿ ಪಡೆದ ಸಂಖ್ಯೆಯೇ ಕಲಬುರ್ಗಿಯಲ್ಲಿಯೂ ನಡೆಯುತ್ತದೆ. ಗಡಿಭಾಗದ ರೋಗಿಗೆ ಇದು ಸಣ್ಣ ಅನುಕೂಲವೇನಲ್ಲ. ದಾಖಲೆಗಳೆಲ್ಲ ದಿಲ್ಲಿಯ ಒಂದೇ ಉಗ್ರಾಣದಲ್ಲಿ ಬೀಳುವುದಿಲ್ಲ. ಅವು ತಯಾರಾದ ಆಸ್ಪತ್ರೆಯಲ್ಲಿಯೇ ಉಳಿದು, ರೋಗಿಯು ಒಪ್ಪಿಗೆ ಕೊಟ್ಟಾಗ ಮಾತ್ರ, ಒಪ್ಪಿದ ಉದ್ದೇಶಕ್ಕೆ ಮತ್ತು ಒಪ್ಪಿದ ಅವಧಿಗೆ, ಮತ್ತೊಂದು ಆಸ್ಪತ್ರೆಗೆ ತಲುಪಬೇಕೆಂಬುದು ಅದರ ರಚನೆ. ಕಾಗದದ ಮೇಲೆ ಸುಂದರವಾದ ರಚನೆಯೇ. ಈ ಜಾಲವು ಬ್ಲಾಕ್‌ಚೈನ್ ಮೇಲೆ ನಿಂತಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಹಾಗೆ ತಿಳಿದವರು ಹಲವರಿದ್ದಾರೆ.

ಆದರೆ ಆಸ್ಪತ್ರೆಗಳ ಗಣಕಯಂತ್ರಗಳು ಎಷ್ಟು ಭದ್ರ? 2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ದಾಳಿಯಾಯಿತು. ಐದು ಸರ್ವರುಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಯನ್ನು ದಾಳಿಕೋರರು ಬೀಗಹಾಕಿದಂತೆ ಗೂಢಲಿಪಿಗೆ ತಿರುಗಿಸಿದರು. ದೇಶದ ಹಿರಿಯ ಆಸ್ಪತ್ರೆಯು ದಿನಗಟ್ಟಲೆ ಕೈಬರಹದ ಚೀಟಿಗಳಿಗೆ ಮರಳಬೇಕಾಯಿತು. ಅದಕ್ಕೂ ಮೊದಲು, 2020ರ ಆರಂಭದಲ್ಲಿ, ಗ್ರೀನ್‌ಬೋನ್ ಎಂಬ ಜರ್ಮನ್ ಸಂಸ್ಥೆಯೊಂದು ಬೇರೊಂದು ಸಂಗತಿಯನ್ನು ಬಯಲಿಗೆ ತಂದಿತ್ತು. ಭಾರತೀಯ ರೋಗಿಗಳ 12 ಕೋಟಿಗೂ ಮಿಕ್ಕಿದ ಎಕ್ಸ್‌ರೇ, ಸ್ಕ್ಯಾನ್ ಮುಂತಾದ ಚಿತ್ರಗಳು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡುವಂತೆ ತೆರೆದುಬಿದ್ದಿದ್ದವು. ರಾಜ್ಯವಾರು ಪಟ್ಟಿಯಲ್ಲಿ ಮೊದಲ ಸ್ಥಾನ ಮಹಾರಾಷ್ಟ್ರದ್ದು, ಎರಡನೆಯದು ಕರ್ನಾಟಕದ್ದು. ಗಡಿಯ ಎರಡೂ ಬದಿಯ ಸಂಸ್ಥೆಗಳು ಈ ಒಂದು ವಿಷಯದಲ್ಲಿ ಭೇದವಿಲ್ಲದೆ ನಡೆದುಕೊಂಡಿದ್ದವು. ಗಮನಿಸಬೇಕಾದ ಮಾತೆಂದರೆ, ಆ ಚಿತ್ರಗಳನ್ನು ಯಾರೂ ಕನ್ನ ಕೊರೆದು ಕದಿಯಬೇಕಾದ ಅಗತ್ಯವೇ ಇರಲಿಲ್ಲ. ಸರ್ವರಿಗೆ ಒಂದು ಪಾಸ್‌ವರ್ಡ್ ಹಾಕುವ ಶ್ರಮವನ್ನೂ ಯಾರೂ ತೆಗೆದುಕೊಂಡಿರಲಿಲ್ಲ. ಬಾಗಿಲಿಗೆ ಅಗುಳಿಯೇ ಇಲ್ಲದ ಮನೆಗೆ ಉಕ್ಕಿನ ಸರಪಳಿಯ ವಿಚಾರ ಆಮೇಲಿನದು.

ಹಾಗಾದರೆ ಬ್ಲಾಕ್‌ಚೈನ್ ಎಂದರೇನು? ಶಾಲೆಯ ಪಾಲಕರಿಗೆ ಇದನ್ನು ವಿವರಿಸಲು ಜನರಲ್ ರಜಿಸ್ಟರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಮಗುವಿನ ಹೆಸರು, ಜನ್ಮದಿನಾಂಕ, ಜಾತಿ, ಪ್ರವೇಶದ ದಿನ ಎಲ್ಲವೂ ಅದರಲ್ಲಿ ಕ್ರಮಸಂಖ್ಯೆಯೊಡನೆ ಬರೆಯಲ್ಪಡುತ್ತವೆ. ಒಮ್ಮೆ ಬರೆದದ್ದನ್ನು ಮುಖ್ಯಾಧ್ಯಾಪಕರೂ ತಮ್ಮಿಷ್ಟದಂತೆ ತಿದ್ದಲಾರರು. ಆದರೂ ರಜಿಸ್ಟರು ಒಂದೇ ಕಪಾಟಿನಲ್ಲಿರುವುದರಿಂದ, ಕಪಾಟಿನ ಕೀಲಿ ಇದ್ದವರಿಗೆ ತಿದ್ದುವ ಅವಕಾಶ ಇದ್ದೇ ಇದೆ. ಈಗ ಒಂದು ಕಲ್ಪನೆ ಮಾಡಿಕೊಳ್ಳಬಹುದು. ನಾಗಣಸೂರಿನ ಶಾಲೆಯ ರಜಿಸ್ಟರಿನ ಪ್ರತಿ ಪುಟದ ‘ಹೆಬ್ಬೆಟ್ಟಿನ ಗುರುತು’ ಮೈಂದರ್ಗಿ, ದುಧನಿ, ತಡವಳ, ಅಕ್ಕಲಕೋಟ ಹೀಗೆ ಎಲ್ಲ ಶಾಲೆಗಳಲ್ಲಿಯೂ ಇದೆ. ಅಲ್ಲದೆ ಪ್ರತಿ ಹೊಸ ಪುಟದ ತಲೆಯಲ್ಲಿ ಹಿಂದಿನ ಪುಟದ ಗುರುತನ್ನು ಒತ್ತಿರುತ್ತಾರೆ. ಹತ್ತನೆಯ ಪುಟದಲ್ಲಿ ಒಂದು ಅಂಕೆ ತಿದ್ದಿದರೆ ಆ ಪುಟದ ಗುರುತು ಬದಲಾಗುತ್ತದೆ. ಹನ್ನೊಂದನೆಯ ಪುಟದ ತಲೆಗೆ ಅದು ಹೊಂದುವುದಿಲ್ಲ. ಮಿಕ್ಕ ಊರುಗಳ ಪ್ರತಿಗಳಿಗೂ ಹೊಂದುವುದಿಲ್ಲ. ಮೋಸ ಮುಚ್ಚಿಡಲು ಎಲ್ಲ ಊರುಗಳ ಎಲ್ಲ ಪುಟಗಳನ್ನೂ ಒಂದೇ ರಾತ್ರಿ ತಿದ್ದಬೇಕು. ಪುಟಗಳ ಈ ಸರಪಳಿಯೇ ಬ್ಲಾಕ್‌ಚೈನ್.

ಆ ಹೆಬ್ಬೆಟ್ಟಿನ ಗುರುತಿಗೆ ‘ಹ್ಯಾಶ್’ ಎಂದು ಹೆಸರು. ಒಂದು ಸಾಲಿನ ಚೀಟಿಯಾಗಲಿ, ಸಾವಿರ ಪುಟದ ಕಡತವಾಗಲಿ, ಹೆಚ್ಚು ಬಳಕೆಯಲ್ಲಿರುವ ಒಂದು ಲೆಕ್ಕದ ಕ್ರಮವು ಅದರಿಂದ 64 ಅಕ್ಷರ-ಅಂಕೆಗಳ ಒಂದು ಗುರುತನ್ನು ತೆಗೆಯುತ್ತದೆ. ಕಡತದಲ್ಲಿ ಒಂದು ಅಲ್ಪವಿರಾಮ ಸರಿದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಗುರುತನ್ನು ನೋಡಿ ಕಡತದಲ್ಲಿ ಏನಿತ್ತೆಂದು ಹಿಂದಕ್ಕೆ ಲೆಕ್ಕಹಾಕಲು ದಾರಿಯಿಲ್ಲ. ಸತೋಶಿ ನಾಕಾಮೊಟೊ ಎಂಬ ಗುಪ್ತನಾಮದಲ್ಲಿ 2008ರಲ್ಲಿ ಬಿಟ್‌ಕಾಯಿನ್ ಪ್ರಸ್ತಾಪ ಹೊರಬಿದ್ದ ಮೇಲೆ ಇದು ಜಗತ್ಪ್ರಸಿದ್ಧವಾಯಿತಾದರೂ, ಮೂಲ ವಿಚಾರ ಅದಕ್ಕಿಂತ ಹಳೆಯದು. ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟ್ಟಾ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು 1991ರಲ್ಲಿಯೇ ದಾಖಲೆಗಳಿಗೆ ಕಾಲದ ಮುದ್ರೆ ಒತ್ತುವ ಈ ಉಪಾಯವನ್ನು ಪ್ರಕಟಿಸಿದ್ದರು. 1995ರಿಂದ ಅವರ ಕಂಪನಿಯು ವಾರವಾರವೂ ತನ್ನ ಗುರುತನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಕಿರು ಜಾಹೀರಾತಿನ ಮೂಲೆಯಲ್ಲಿ ಅಚ್ಚುಹಾಕಿಸತೊಡಗಿತು. ಅಚ್ಚಾಗಿ ಮನೆಮನೆಗೆ ಹಂಚಿಹೋದ ಪತ್ರಿಕೆಯನ್ನು ಯಾರು ತಿದ್ದಬಲ್ಲರು? ಬ್ಲಾಕ್‌ಚೈನಿನ ಹಿರಿಯಜ್ಜ ಒಂದು ವೃತ್ತಪತ್ರಿಕೆಯೆಂಬುದು ಪತ್ರಿಕೆ ಓದುವವರಿಗೆ ಕೊಂಚ ಸಂತೋಷ ಕೊಡುವ ಸಂಗತಿ.

ರೋಗಿಗಳ ವಿಷಯದಲ್ಲಿ ಇದನ್ನು ಮೊದಲು ಗಂಭೀರವಾಗಿ ಬಳಕೆಗೆ ತಂದದ್ದು ಯುರೋಪಿನ ಪುಟ್ಟ ದೇಶ ಎಸ್ತೋನಿಯಾ. ಅಲ್ಲಿಯ ಒಟ್ಟು ಜನಸಂಖ್ಯೆ ಸುಮಾರು 13 ಲಕ್ಷ. ಸೊಲ್ಲಾಪುರ ಜಿಲ್ಲೆಯ ಜನಸಂಖ್ಯೆಯ ಅರ್ಧವೂ ಇಲ್ಲ. 2007ರಲ್ಲಿ ದೊಡ್ಡ ಸೈಬರ್ ದಾಳಿಗೆ ತುತ್ತಾದ ಆ ದೇಶ ತನ್ನ ಸರ್ಕಾರಿ ದಾಖಲೆಗಳನ್ನು ಯಾರೂ ಗುಟ್ಟಾಗಿ ತಿದ್ದದಂತೆ ಮಾಡುವ ದಾರಿಯನ್ನು ಹುಡುಕಿತು. 2016ರಲ್ಲಿ ಅಲ್ಲಿಯ ಇ-ಆರೋಗ್ಯ ಸಂಸ್ಥೆಯು ಗಾರ್ಡ್‌ಟೈಮ್ ಕಂಪನಿಯ ನೆರವಿನಿಂದ ಈ ಮುದ್ರೆಯನ್ನು ರೋಗಿಗಳ ದಾಖಲೆಗೂ ವಿಸ್ತರಿಸಿತು. ಅಲ್ಲಿಯೂ ರೋಗದ ವಿವರಗಳನ್ನು ಸರಪಳಿಯಲ್ಲಿ ಬರೆಯುವುದಿಲ್ಲ. ವಿವರಗಳು ಬೇರೆಡೆ ಭದ್ರವಾಗಿರುತ್ತವೆ. ಯಾವ ದಾಖಲೆಯನ್ನು ಯಾರು, ಯಾವಾಗ ತೆರೆದರು ಎಂಬ ದಿನಚರಿಯ ಗುರುತು ಮಾತ್ರ ಮುದ್ರೆಗೊಳ್ಳುತ್ತದೆ. ಎಸ್ತೋನಿಯಾದ ನಾಗರಿಕನು ಮನೆಯಲ್ಲಿ ಕುಳಿತು ಆ ದಿನಚರಿಯನ್ನು ಓದಬಲ್ಲ. ಸಂಬಂಧವಿಲ್ಲದ ವೈದ್ಯನೊಬ್ಬ ಕುತೂಹಲಕ್ಕೆ ತನ್ನ ಕಡತ ತೆರೆದಿದ್ದರೆ ದೂರು ಕೊಡಬಲ್ಲ. ಕಡತ ತೆರೆದವನು ಆ ದಿನಚರಿಯ ಸಾಲನ್ನು ಆಮೇಲೆ ಗುಟ್ಟಾಗಿ ಅಳಿಸಿದರೆ ಮುದ್ರೆ ಅದನ್ನು ಹೇಳಿಬಿಡುತ್ತದೆ.

ಬ್ಲಾಕ್‌ಚೈನಿನ ಹಿರಿಮೆ ಇಲ್ಲಿದೆ. ಅದು ಗುಟ್ಟನ್ನು ಬಚ್ಚಿಡುವ ಪೆಟ್ಟಿಗೆಯಲ್ಲ, ಗುಟ್ಟು ಮುಟ್ಟಿದವನ ಹೆಜ್ಜೆಗುರುತು ಅಳಿಯದಂತೆ ನೋಡಿಕೊಳ್ಳುವ ಸಾಕ್ಷಿ. ಈ ಎರಡನ್ನೂ ಒಂದೆಂದು ತಿಳಿದು ರೋಗಿಯ ವರದಿಯನ್ನೇ ಸರಪಳಿಯಲ್ಲಿ ಹಾಕಿದರೆ ಅನಾಹುತವಾಗುತ್ತದೆ. ಸರಪಳಿಯ ಪ್ರತಿಗಳು ಹಲವರ ಬಳಿ ಇರುತ್ತವೆ, ಮತ್ತು ಅದರಿಂದ ಯಾವುದನ್ನೂ ಅಳಿಸಲಾಗದು. ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, 2023, ತನ್ನ ಮಾಹಿತಿಯನ್ನು ತಿದ್ದಿಸುವ ಮತ್ತು ಅಳಿಸಿಹಾಕಿಸುವ ಹಕ್ಕನ್ನು ನಾಗರಿಕನಿಗೆ ಕೊಟ್ಟಿದೆ. ಅಳಿಸಲಾಗದ ಪುಸ್ತಕಕ್ಕೂ ಅಳಿಸುವ ಹಕ್ಕಿಗೂ ಹೊಂದಾಣಿಕೆಯಾಗುವುದು, ವಿವರ ಹೊರಗಿದ್ದು ಗುರುತಷ್ಟೇ ಒಳಗಿದ್ದಾಗ ಮಾತ್ರ. ಗುರುತಿನಲ್ಲಿಯೂ ಒಂದು ಅಪಾಯವಡಗಿದೆ. ಗುರುತಿನಿಂದ ಕಡತವನ್ನು ಹಿಂದಕ್ಕೆ ತೆಗೆಯಲಾಗದು ಎಂಬುದು ನಿಜ. ಆದರೆ ಹತ್ತು ಅಂಕೆಯ ಮೊಬೈಲ್ ಸಂಖ್ಯೆಯಂಥ ಚಿಕ್ಕ ಸಂಗತಿಯ ಗುರುತಾದರೆ, ಎಲ್ಲ ಸಂಖ್ಯೆಗಳನ್ನೂ ಒಂದೊಂದಾಗಿ ಹಾಕಿ ತಾಳೆ ನೋಡುವುದು ಇಂದಿನ ಯಂತ್ರಗಳಿಗೆ ಅಸಾಧ್ಯವಲ್ಲ. ಅದಕ್ಕಾಗಿ ತಿಳಿದವರು ಗುರುತು ತೆಗೆಯುವ ಮೊದಲು ಊಹಿಸಲಾಗದ ಒಂದು ಗುಪ್ತ ಸಂಖ್ಯೆಯನ್ನು ಬೆರೆಸುತ್ತಾರೆ. ಅಡುಗೆಯ ಭಾಷೆಯಲ್ಲಿಯೇ ಅದಕ್ಕೆ ‘ಉಪ್ಪು’ ಎಂದು ಹೆಸರು. ಇಷ್ಟೆಲ್ಲ ಮಾಡಿದರೂ, ಒಬ್ಬ ವ್ಯಕ್ತಿ ತಿಂಗಳಿಗೊಮ್ಮೆ ಎಚ್‌ಐವಿ ಚಿಕಿತ್ಸಾ ಕೇಂದ್ರದಲ್ಲಿ ದಾಖಲಾಗುತ್ತಾನೆ ಎಂಬ ಸಂಗತಿಯಷ್ಟೇ ಸರಪಳಿಯಲ್ಲಿ ಕಂಡರೆ ಸಾಕು, ವರದಿ ಓದುವ ಅಗತ್ಯವೇ ಬೀಳುವುದಿಲ್ಲ.

ಸರಪಳಿಗೆ ನಿಲುಕದ ಇನ್ನೊಂದು ಲೋಕವೂ ಇದೆ: ಝೆರಾಕ್ಸ್ ಅಂಗಡಿಯಲ್ಲಿ ಉಳಿದ ಪ್ರತಿ, ವಾಟ್ಸಾಪ್ ಗುಂಪಿಗೆ ಹೋದ ವರದಿಯ ಫೋಟೋ, ಸರದಿಯ ಮುಂದೆ ಗಟ್ಟಿಯಾಗಿ ರೋಗದ ಹೆಸರು ಹೇಳಿ ಕರೆಯುವ ಸಿಬ್ಬಂದಿ. ಏಮ್ಸ್‌ನಂಥ ದಾಳಿ ನಡೆದಾಗಲೂ, ಏನನ್ನು ತಿದ್ದಲಾಯಿತೆಂದು ಸರಪಳಿ ಹೇಳಬಹುದೇ ಹೊರತು, ಬೀಗಬಿದ್ದ ಕಡತವನ್ನು ತೆರೆದುಕೊಡಲಾರದು. ಅದಕ್ಕೆ ಬೇರೆಡೆ ಇಟ್ಟ ಪ್ರತಿಯೇ ಗತಿ. ತಪ್ಪು ವರದಿ ಬರೆದರೆ ಸರಪಳಿಯು ಆ ತಪ್ಪನ್ನೇ ಭದ್ರವಾಗಿ ಕಾಯುತ್ತದೆ.

ನಮ್ಮ ದೇಶದಲ್ಲಿ ಈ ತಂತ್ರಜ್ಞಾನ ಈವರೆಗೆ ಹೆಚ್ಚಾಗಿ ನಡೆದಿರುವುದು ಪ್ರಮಾಣಪತ್ರ ಮತ್ತು ಸಾಮಗ್ರಿಗಳ ಹಾದಿಯಲ್ಲಿ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರವನ್ನು ತೆರೆಯಿತು. ಸರ್ಕಾರಿ ಆಸ್ಪತ್ರೆಗಳಿಗೆ ಹೋಗುವ ಔಷಧಗಳ ಜಾಡು ಹಿಡಿಯಲು ಕರ್ನಾಟಕವು ಇದನ್ನು ಬಳಸಿದೆ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಎಟಾಪಲ್ಲಿಯಲ್ಲಿ 2022ರಲ್ಲಿ ಜಾತಿ ಪ್ರಮಾಣಪತ್ರಗಳಿಗೆ ಈ ಮುದ್ರೆ ಬಿತ್ತು. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ‘ವಿಶ್ವಸ್ಯ’ ಎಂಬ ಸಾಮಾನ್ಯ ವೇದಿಕೆಯನ್ನು ಸಿದ್ಧಗೊಳಿಸಿತು. ಅದರ ಕೇಂದ್ರಗಳಲ್ಲೊಂದು ಪುಣೆಯಲ್ಲಿದೆ. ಔಷಧದ ಡಬ್ಬಿಗೆ ಮಾನ ಮರ್ಯಾದೆಯ ಚಿಂತೆಯಿಲ್ಲ, ಪ್ರಮಾಣಪತ್ರವನ್ನು ತೋರಿಸಿಕೊಳ್ಳಲೆಂದೇ ಪಡೆಯುತ್ತಾರೆ. ರೋಗಿಯ ಕಡತ ಅವೆರಡರಂತಲ್ಲ.

ಅಕ್ಕಲಕೋಟದ ಹಳ್ಳಿಗಳಿಗೆ ಸಂಬಂಧಿಸಿದ ನಿಜವಾದ ತೊಡಕು ಇನ್ನೂ ಕೆಳಗಿದೆ. ಡಿಜಿಟಲ್ ಒಪ್ಪಿಗೆ ಎಂದರೆ ಬಹುಮಟ್ಟಿಗೆ ಮೊಬೈಲಿಗೆ ಬರುವ ಒಟಿಪಿ. ಮನೆಗೊಂದೇ ಸ್ಮಾರ್ಟ್‌ಫೋನ್ ಇರುವಲ್ಲಿ ಆ ಒಟಿಪಿ ಬರುವುದು ಮಗನಿಗೋ ಗಂಡನಿಗೋ. ಹೊಲದಲ್ಲಿರುವ ತಾಯಿಯ ಹೆಸರಿನಲ್ಲಿ ನೋಂದಣಿ ಮಾಡುವಾಗ ಪಕ್ಕದ ಮನೆಯವರ ಸಂಖ್ಯೆ ಕೊಟ್ಟ ಉದಾಹರಣೆಗಳಿಗೆ ಯಾವ ಹಳ್ಳಿಯಲ್ಲಿಯೂ ಬರವಿರಲಾರದು. ಯಂತ್ರದ ದೃಷ್ಟಿಯಲ್ಲಿ ಒಪ್ಪಿಗೆ ಕೊಟ್ಟವಳು ಆ ತಾಯಿ. ವಾಸ್ತವದಲ್ಲಿ ಗುಂಡಿ ಒತ್ತಿದವರು ಬೇರೆ. ಎಸ್ತೋನಿಯಾದ ಸರಪಳಿಯನ್ನು ಹಾಗೆಯೇ ತಂದು ಇಲ್ಲಿ ಹೂಡಿದರೂ ಅದು ಈ ಸುಳ್ಳನ್ನು ಅಳಿಸಲಾಗದ ಸತ್ಯವೆಂದು ಬರೆದಿಟ್ಟುಕೊಳ್ಳುವುದು. ಆಭಾ ಸಂಖ್ಯೆಗೆ ಜೋಡಿಸಿದ ಮೊಬೈಲ್ ಸಂಖ್ಯೆಯನ್ನು ಆಮೇಲೆ ಬದಲಾಯಿಸಲು ಅವಕಾಶವಿದೆ. ಮನೆಯ ಹೆಣ್ಣುಮಕ್ಕಳ ಸಂಖ್ಯೆ ಯಾರ ಫೋನಿಗೆ ಜೋಡಿಸಿದೆ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಇದರೊಡನೆ ಭಾಷೆ. ಸೊಲ್ಲಾಪುರದ ಆಸ್ಪತ್ರೆಗಳ ವಾರ್ಡುಗಳಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಕನ್ನಡದಲ್ಲಿ ಮಾತನಾಡಿಸುವ ವೈದ್ಯರು, ದಾದಿಯರು ಅಲ್ಲಿ ಅಪರೂಪವೇನಲ್ಲ. ಆದರೆ ಮಾತಿನಲ್ಲಿರುವ ಕನ್ನಡ ಕಾಗದಕ್ಕೆ ಇಳಿಯುವುದಿಲ್ಲ. ಸಹಿ ಹಾಕಬೇಕಾದ ಒಪ್ಪಿಗೆ ಪತ್ರ ಸಾಮಾನ್ಯವಾಗಿ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತದೆ. ಶಾಲೆ ಕಲಿತ ಮಗ ಮರಾಠಿ ಓದಬಲ್ಲ; ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿ ಬಿಟ್ಟ ಅಜ್ಜಿ ಓದಲಾರಳು. ಆಕೆ ಎಲ್ಲಿ ತೋರಿಸಿದರೋ ಅಲ್ಲಿ ಸಹಿ ಮಾಡುತ್ತಾಳೆ.

2023ರ ಕಾಯಿದೆಯ ಒಂದು ಮಾತನ್ನು ಗಡಿನಾಡಿನ ಪ್ರತಿಯೊಂದು ಮನೆಯೂ ನೆನಪಿಡಬೇಕಾದದ್ದು ಇಲ್ಲಿಯೇ. ಅದರ ಐದನೆಯ ಮತ್ತು ಆರನೆಯ ಕಲಮುಗಳ ಪ್ರಕಾರ, ಒಪ್ಪಿಗೆಯನ್ನು ಬೇಡುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ನಾಗರಿಕನಿಗೆ ಕೊಡತಕ್ಕದ್ದು. ಆ ಅನುಸೂಚಿಯ 22 ಭಾಷೆಗಳಲ್ಲಿ ಕನ್ನಡವೂ ಒಂದು; 1950ರ ಮೂಲ ಪಟ್ಟಿಯಿಂದಲೇ ಅದು ಅಲ್ಲಿದೆ. ಕಾಯಿದೆಯು ರಾಜ್ಯದ ಗಡಿಯನ್ನು ಕೇಳುವುದಿಲ್ಲ. ಬೆಂಗಳೂರಿನಲ್ಲಿರುವ ಕನ್ನಡಿಗನಿಗೆ ಇರುವ ಹಕ್ಕೇ ಸೊಲ್ಲಾಪುರದ ಕನ್ನಡಿಗನಿಗೂ ಇದೆ. ಕೊಟ್ಟ ಒಪ್ಪಿಗೆಯನ್ನು, ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವ ಹಕ್ಕೂ ಇದೆ. ಮೇಲಾಗಿ, ವಿವಾದ ಎದ್ದಾಗ ಒಪ್ಪಿಗೆ ಸರಿಯಾಗಿ ಪಡೆದಿತ್ತೆಂದು ಸಾಬೀತುಪಡಿಸುವ ಹೊಣೆ ಮಾಹಿತಿ ಪಡೆದ ಸಂಸ್ಥೆಯದೇ ಹೊರತು ಅಜ್ಜಿಯದಲ್ಲ. ಭದ್ರತೆಯ ಲೋಪಕ್ಕೆ ದಂಡ 250 ಕೋಟಿ ರೂಪಾಯಿಗಳವರೆಗೆ ಏರಬಹುದು. ತುರ್ತು ಚಿಕಿತ್ಸೆ, ಸಾಂಕ್ರಾಮಿಕ ಮುಂತಾದ ಸಂದರ್ಭಗಳಲ್ಲಿ ಒಪ್ಪಿಗೆಯ ಅಗತ್ಯವಿಲ್ಲವೆಂಬ ವಿನಾಯಿತಿಗಳೂ ಕಾಯಿದೆಯಲ್ಲಿವೆ; ಅವು ಇರುವುದು ನ್ಯಾಯವೇ.

ಬ್ಲಾಕ್‌ಚೈನಿಗೆ ತಕ್ಕ ಕೆಲಸ ಈ ಸ್ಥಳದಲ್ಲಿ ಕಾಣುತ್ತದೆ. ಅಜ್ಜಿಗೆ ತೋರಿಸಿದ ಸೂಚನೆ ಯಾವ ಭಾಷೆಯದು, ಅದರಲ್ಲಿದ್ದ ಪಾಠ ಯಾವುದು, ಯಾವ ದಿನ ಯಾವ ಗಳಿಗೆಯಲ್ಲಿ ಒಪ್ಪಿದಳು, ಯಾವಾಗ ಹಿಂತೆಗೆದುಕೊಂಡಳು ಎಂಬುದರ ಗುರುತನ್ನು ಅಳಿಯದಂತೆ ಮುದ್ರಿಸಬಹುದು. ಕನ್ನಡ ಸೂಚನೆ ಕೊಟ್ಟಿದ್ದೆವೆಂದು ಸಂಸ್ಥೆಯು ಆಮೇಲೆ ಹಳೆಯ ತಾರೀಖಿನ ಕಾಗದ ಸೃಷ್ಟಿಸಲಾರದು. ರೋಗದ ಹೆಸರು ಸರಪಳಿಯ ಹತ್ತಿರವೂ ಸುಳಿಯಬೇಕಾಗಿಲ್ಲ. ಖರ್ಚು ಹೆಚ್ಚಾದರೆ, ಹೇಬರ್ ಮತ್ತು ಸ್ಟಾರ್ನೆಟ್ಟಾ ಮಾಡಿದಂತೆ ವಾರಕ್ಕೊಮ್ಮೆ ಒಂದು ಗುರುತನ್ನು ಪತ್ರಿಕೆಯಲ್ಲಿ ಅಚ್ಚುಹಾಕಿಸಿದರೂ ಕೆಲಸ ಸಾಗುತ್ತದೆ.

ಶಾಲೆಗೂ ಇದು ಹೊರಗಿನ ವಿಷಯವಲ್ಲ. 2013ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಪಾಲಘರದಲ್ಲಿಯೇ ಉದ್ಘಾಟನೆಗೊಂಡ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡಗಳು ವರ್ಷಕ್ಕೊಮ್ಮೆ ಶಾಲೆಗೆ, ಎರಡು ಬಾರಿ ಅಂಗನವಾಡಿಗೆ ಬಂದು 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುತ್ತವೆ. ಹೃದಯದ ರಂಧ್ರ, ಕಿವುಡು, ಬೆಳವಣಿಗೆಯ ಕುಂಠಿತ ಮುಂತಾದವು ಅಲ್ಲಿಯೇ ಮೊದಲು ಪತ್ತೆಯಾಗಿ ಎಷ್ಟೋ ಮಕ್ಕಳಿಗೆ ಶಸ್ತ್ರಚಿಕಿತ್ಸೆ ದೊರೆತಿದೆ. ಮಗುವಿನ ಹಿತಕ್ಕಾಗಿ ನಡೆಯುವ ಈ ಪರೀಕ್ಷೆಯ ಫಲ ತರಗತಿಯಲ್ಲಿ ಗಟ್ಟಿಯಾಗಿ ಓದುವಂಥದ್ದಲ್ಲ. ಪಾಲಕರಿಗೆ, ಅವರ ಭಾಷೆಯಲ್ಲಿ, ತಿಳಿಸುವಂಥದ್ದು.

ಸದ್ಯಕ್ಕೆ ಪ್ಲಾಸ್ಟಿಕ್ ಚೀಲವನ್ನು ಎಸೆಯುವ ಕಾಲ ಬಂದಿಲ್ಲ. ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಕಾಯ್ದಿಡಬೇಕು, ರೋಗಿಯೋ ಅವನ ಅಧಿಕೃತ ಪ್ರತಿನಿಧಿಯೋ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು ಎಂದು 2002ರ ನಿಯಮಗಳು ಹೇಳುತ್ತವೆ. ಕೇಳಿದರೆ ಚೀಲದಲ್ಲಿ ಇಲ್ಲದ ಕಾಗದವೂ ಸಿಗುತ್ತದೆ. 2023ರ ಕಾಯಿದೆಯ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕರ್ತವ್ಯಗಳಿಗೆ ಸಿದ್ಧವಾಗಲು ಸಂಸ್ಥೆಗಳಿಗೆ ಅವು 18 ತಿಂಗಳ ಅವಧಿ ಕೊಟ್ಟಿವೆ, ಅಂದರೆ 2027ರ ಮೇ ತಿಂಗಳವರೆಗೆ. ಅಷ್ಟರಲ್ಲಿ ಸೊಲ್ಲಾಪುರ, ಅಕ್ಕಲಕೋಟದ ಆಸ್ಪತ್ರೆಗಳು ಹೊಸ ಒಪ್ಪಿಗೆ ಪತ್ರಗಳನ್ನು ಅಚ್ಚುಹಾಕಿಸಲೇಬೇಕಾಗುತ್ತದೆ. ಅವುಗಳ ಕನ್ನಡ ಪಾಠವನ್ನು ಅಜ್ಜಿಗೆ ತಿಳಿಯುವಂತೆ ಬರೆದುಕೊಡಬಲ್ಲ ಶಿಕ್ಷಕರು ಈ ಎರಡೂ ತಾಲೂಕುಗಳ ಕನ್ನಡ ಶಾಲೆಗಳಲ್ಲಿಯೇ ಇದ್ದಾರೆ.